ಬದುವಿನ ಎರಡು ಮಗ್ಗುಲು

ದೇವರ ಗದ್ದೆಗಳೆರಡರ ನಡುವೆ ಒಂದೇ ಬದು. ಮೇಲಿನ ಗದ್ದೆಯಲ್ಲೊಂದು ಏಡಿಗಳ ಊರು, ಕೆಳಗಿನ ಗದ್ದೆಯಲ್ಲಿನ್ನೊಂದು. ಕೆಳಗಿನೂರಿನ ಯಜಮಾನಿ ಹೊಟ್ಟೆಯಡಿ ಮರಿಗಳನ್ನವುಚಿಕೊಂಡು ಮೈಮರೆತು ಬದುವಿನಲ್ಲಿ ಬಿಲ ತೋಡುತ್ತಿರಲು, ಎದುರಿನ ಮಣ್ಣು ಕುಸಿದು ಮೇಲೂರಿನ ಯಜಮಾನನ ಮುಖ ಇಣುಕಿತು.

"ಇದೇನಣ್ಣ, ನನ್ನ ಮನೆಗೇ ಕನ್ನವೆ?"

"ನಾನು ತೋಡಿದ್ದು ನನ್ನ ಅರ್ಧದಲ್ಲೇ, ತಂಗಿ."

"ನಾನೂ ನನ್ನ ಅರ್ಧದಲ್ಲೇ!"

ಇಬ್ಬರ ಮಾತೂ ನಿಜವೇ. ಆದರೂ ತೂತಿನಿಂದ ನೀರಿಳಿಯತೊಡಗಿತು. ಬದು ಒಡೆದರೆ ಮೇಲಿನವರಿಗೆ ನೀರಿಲ್ಲ, ಕೆಳಗಿನವರಿಗೆ ಮನೆಯಿಲ್ಲ.

"ಕಾವಲಿನವನೇ, ಒಂದು ಕೂಗು ಹಾಕಬಾರದಿತ್ತೆ?" ಎಂದು ಅವಳು, ಎರಡೂರಿನ ಕಾವಲಿಗೆಂದು ಬದುವಿನ ಮೇಲಿದ್ದ ಟಿಟ್ಟಿಭ ಹಕ್ಕಿಯನ್ನು ಕೇಳಿದಳು.

"ನನಗೆ ಹುಳು ಕೆಳಗಿನವರು ಕೊಡಲಿ ಎಂದರು ಇವರು. ಮೇಲಿನವರು ಕೊಡಲಿ ಎಂದಿರಿ ನೀವು. ಹಸಿದ ಗಂಟಲು ಎಷ್ಟು ಕೂಗೀತು ತಾಯಿ?"

ಅವಳ ತಲೆ ತಗ್ಗಿತು. "ಅಣ್ಣಾ, ಆಚೆಯಿಂದ ನೀನು ಮಣ್ಣು ಒತ್ತು, ಈಚೆಯಿಂದ ನಾನು ಒತ್ತುತ್ತೇನೆ. ಬದುವಿನ ನಡುಭಾಗ ಇನ್ನು ಯಾರೂ ತೋಡುವುದು ಬೇಡ."

"ಹಕ್ಕಿಗೆ ಬೆಳಗಿನ ಹುಳು ನಮ್ಮದು," ಎಂದ ಅವನು.

"ಸಂಜೆಯದು ನಮ್ಮದು."

ಮುಂದೊಮ್ಮೆ ರಾತ್ರಿ ನೆರೆನೀರು ಬಂದಾಗ ಹಕ್ಕಿ ಗಂಟಲು ತುಂಬಿ ಕೂಗಿತು. ಎರಡೂರಿನ ಏಡಿಗಳು ಓಡಿಬಂದು ಬದುವಿಗೆ ಮೈಕೊಟ್ಟವು. ಯಜಮಾನಿಯ ಮರಿಗಳಿಗೆ ಎಚ್ಚರವೇ ಆಗಲಿಲ್ಲ. ಭಗವಂತನ ಕೃಪೆ ಅಂದು ಹೊಟ್ಟೆ ತುಂಬಿದ ಹಕ್ಕಿಯ ದನಿಯಲ್ಲಿ ಬಂದಿತ್ತು.