ಒಂದು ಕಲ್ಲಿನಷ್ಟು ತಡವಾದ ಹೂಂ

ಒಂದಾನೊಂದು ಊರಿನಲ್ಲಿ, ಅಂದರೆ ಎರಡಾನೆರಡು ಊರಿಗೆ ಅರ್ಧ ಮೈಲಿ ಮೊದಲು, ಮನೆಗೊಂದು ರೇಡಿಯೋ ಇತ್ತು. ದಿನಾ ಸಂಜೆ ಆರೂಕಾಲಿಗೆ ಎಲ್ಲ ರೇಡಿಯೋಗಳಲ್ಲೂ ಒಂದೇ ನಾಟಕ ಬರುತ್ತಿತ್ತು. ಹದಿನೈದು ನಿಮಿಷದ ನಾಟಕ. ಹೂಂ ಅನ್ನಿ. ಅನ್ನದಿದ್ದರೆ ನಾನು ಮುಂದಕ್ಕೆ ಹೋಗುವುದಿಲ್ಲ.

ಆ ಊರಿನ ರೇಡಿಯೋಗಳೂ ನನ್ನ ಹಾಗೆಯೇ. ಎರಡು ಮಾತು ಆಡುವುದು, ನಿಲ್ಲುವುದು. ಯಾರಾದರೂ ಹೂಂ ಅಂದರೆ ಮತ್ತೆರಡು ಮಾತು. ಊರಿನವರೆಲ್ಲ 'ಪಕ್ಕದ ಮನೆಯವರು ಅನ್ನುತ್ತಾರೆ ಬಿಡು' ಎಂದು ಸುಮ್ಮನೆ ಕೇಳುತ್ತಿದ್ದರು. ಪಕ್ಕದ ಮನೆಯವರೂ ಹಾಗೆಯೇ ಅಂದುಕೊಳ್ಳುತ್ತಿದ್ದರು. ನಿಜವಾಗಿ ಹೂಂ ಅನ್ನುತ್ತಿದ್ದವರು ಊರಿಗೆಲ್ಲ ಒಬ್ಬರೇ. ಛತ್ರಿ ರಿಪೇರಿ ಅಂಕಪ್ಪ.

ಅಂಕಪ್ಪ ಒಂದು ಕಡೆ, ಹೆಂಡತಿ ಕೆಂಪಾಜಮ್ಮ ಒಂದು ಕಡೆ, ನಡುವೆ ಒಂದು ಮೊರ, ಮೊರದಲ್ಲಿ ಅಕ್ಕಿ. ಈಚೆಯ ಅರ್ಧ ಆಕೆಯದು, ಆಚೆಯ ಅರ್ಧ ಅವರದು. ನಾಟಕ ಕೇಳುತ್ತಾ ಕಲ್ಲು ಹೆಕ್ಕುವುದು. ರೇಡಿಯೋ ನಿಂತ ಕೂಡಲೇ ಅಂಕಪ್ಪ ಹೂಂ ಅನ್ನುತ್ತಿರಲಿಲ್ಲ. ಒಂದು ಕಲ್ಲು ಹುಡುಕಿ, ಹೆಕ್ಕಿ, ಅಂಗಳಕ್ಕೆ ಎಸೆದು, ಆಮೇಲೆ ಹೂಂ ಅನ್ನುತ್ತಿದ್ದರು.

"ಸ್ವಲ್ಪ ಬೇಗ ಅನ್ನಬಾರದೇನ್ರೀ?"

"ಕೇಳಿದ್ದು ಒಳಗೆ ಇಳೀಬೇಕಲ್ಲೇ."

ಒಂದು ಸೋಮವಾರ ಬೆಳಿಗ್ಗೆ ಅಂಕಪ್ಪ ತೀರಿಕೊಂಡರು. ರೇಡಿಯೋಗೆ ಯಾರೂ ಹೇಳಲಿಲ್ಲ. ಸಂಜೆ ಆರೂಕಾಲಿಗೆ ಅದು ತಾನಾಗಿ ಶುರುವಾಯಿತು.

"ಬಳೆಗಾರ ಚಿಕ್ಕೀರಯ್ಯನ ಚಪ್ಪಲಿ ಬಾವಿಗೆ ಬಿತ್ತು. ಅವನು ಹಗ್ಗ ಹಿಡಿದು ಅರ್ಧ ಬಾವಿ ಇಳಿದ. ಅಷ್ಟರಲ್ಲಿ ಮೇಲಿನಿಂದ ಯಾರೋ..."

ನಿಂತಿತು. ಯಾರೂ ಹೂಂ ಅನ್ನಲಿಲ್ಲ. ಊರಿನ ಎಲ್ಲ ರೇಡಿಯೋಗಳಲ್ಲೂ ಬಾವಿಯ ರಾಟೆ ಮಾತ್ರ ಕಿರ್ರ್, ಕಿರ್ರ್ ಅನ್ನುತ್ತಿತ್ತು.

ಆಗ ಅರಮನೆಯಲ್ಲಿ ರಾಜ ಮುದ್ದುಭೂಪ ಮುದ್ದೆಯ ತುತ್ತನ್ನು ಬಾಯಲ್ಲಿ ಇಟ್ಟುಕೊಂಡಿದ್ದ. ಅವನಿಗೆ ರಾಜ್ಯಕ್ಕಿಂತ ನಾಟಕ ಹೆಚ್ಚು. "ಚಿಕ್ಕೀರಯ್ಯ ಮೇಲೆ ಬರೋವರೆಗೆ ಈ ತುತ್ತು ಕೆಳಗೆ ಹೋಗಲ್ಲ!" ಎಂದು ಆಣೆ ಇಟ್ಟ. ಬಾಯಿ ತುಂಬಿದ್ದರಿಂದ ಆಣೆ ಮಂತ್ರಿಗೆ ಮಾತ್ರ ಅರ್ಥವಾಯಿತು.

ಮರುದಿನ ಡಂಗುರ ಹೊಡೆಸಿದರು. ಚಿಕ್ಕೀರಯ್ಯ ಅರ್ಧದಲ್ಲಿ ಇರುವಾಗ ಬೇರೆ ಯಾರೂ ಪೂರ್ತಿಗೆ ಹೋಗಕೂಡದು. ಕ್ಷೌರದವನು ಅರ್ಧ ಗಡ್ಡ ಬೋಳಿಸಿ ಕತ್ತಿ ಒರೆಸಿದ. ಮೇಷ್ಟರು ಮಗ್ಗಿಯನ್ನು ಎರಡೈದ್ಲಿ ಹತ್ತಕ್ಕೇ ನಿಲ್ಲಿಸಿದರು. ಮೆಟ್ಟಿಲು ಹತ್ತುವವರು ನಡುವೆ ನಿಂತರು. ಇಳಿಯುವವರೂ ಅಲ್ಲೇ ನಿಂತರು. ದಾರಿ ಕಟ್ಟಿಹೋಯಿತು. ಒಂದು ಮದುವೆಯಲ್ಲಿ ತಾಳಿಗೆ ಒಂದೂವರೆ ಗಂಟು ಬಿತ್ತು. "ನಾನೀಗ ಅಳಿಯನೋ, ಅಲ್ಲವೋ?" ಎಂದು ಗಂಡು ಕೇಳಿದ. "ಅರ್ಧ ಊಟ ಮಾಡಿ, ಆಮೇಲೆ ನೋಡೋಣ," ಎಂದರು ಬೀಗರು.

ಹೂಂ ಅನ್ನಿ.

ಮಂತ್ರಿ ಮೂರು ಸಾವಿರ ಜನರನ್ನು ಬಯಲಿನಲ್ಲಿ ಸೇರಿಸಿ ಒಟ್ಟಿಗೆ ಹೂಂ ಅನ್ನಿಸಿದ. ರೇಡಿಯೋ, "ಇದು ಹೂಂ ಅಲ್ಲ, ಗಲಾಟೆ," ಅಂದಿತು. ಎರಡಾನೆರಡು ಊರಿನಿಂದ ಒಳ್ಳೆಯ ಹೂಂ ಒಂದನ್ನು ಗಡಿಗೆಯಲ್ಲಿ ತರಿಸಿದ. ಮುಚ್ಚಳ ತೆಗೆದು ನೋಡಿದರೆ ಬಿಸಿಲಿಗೆ ಹುಳಿಯಾಗಿ ಊಹೂಂ ಆಗಿತ್ತು. ಕಡೆಗೆ ಮಂತ್ರಿ ಕೈಮುಗಿದು, "ನಿನಗೆ ಎಂಥದು ಬೇಕಪ್ಪಾ?" ಅಂದ.

"ಒಂದು ಕಲ್ಲಿನಷ್ಟು ತಡವಾಗಿ ಬರುವುದು."

ಅದು ಯಾರದೆಂದು ವಿಚಾರಿಸಿದರು. ಸಾವಿನ ಸುದ್ದಿಯನ್ನು ರಾಜನಿಗೆ ಕಿವಿಯಲ್ಲಿ ಹೇಳುವುದು ಪದ್ಧತಿ. ಮಂತ್ರಿ ಪಿಸುಗುಟ್ಟಿದ. "ಅದು ಅಂಕಪ್ಪನವರ ಹೂಂ, ಸ್ವಾಮಿ. ಅವರು ಹೋದ ವಾರ ತೀರಿಕೊಂಡರು."

"ರಾಜಾಜ್ಞೆ ಅಂತ ಹೇಳಿದಿರಾ?"

"ಹೇಳಿದೆವು. ಆದರೂ ಬರಲಿಲ್ಲ."

ಹನ್ನೊಂದನೆಯ ದಿನ ರಾಜ ತಾನೇ ಹೊರಟ. ಕಾನೂನಿನ ಪ್ರಕಾರ ಅರ್ಧ ದಾರಿ ಹೋದ. ಉಳಿದದ್ದರಲ್ಲಿ ಅರ್ಧ ಹೋದ. ಅದರಲ್ಲಿ ಉಳಿದದ್ದರಲ್ಲಿ ಮತ್ತೆ ಅರ್ಧ ಹೋದ. ಹೀಗೆ ಹೋಗಿ ಹೋಗಿ, ಕೆಂಪಾಜಮ್ಮನ ಹೊಸ್ತಿಲಿಗೆ ಒಂದು ಹೆಬ್ಬೆರಳು ದೂರದಲ್ಲಿ ನಿಂತ. ಹಿಂದೆ ಅರ್ಧ ಗಡ್ಡದವರು, ಒಂದೂವರೆ ಗಂಟಿನ ಹೆಣ್ಣು, ಅವಳ ಅರ್ಧ ಗಂಡ.

ಕೆಂಪಾಜಮ್ಮ ಮೊದಲು ಅಂಕಪ್ಪನ ಟವೆಲನ್ನು ರೇಡಿಯೋ ಮೇಲೆ ಹೊದಿಸಿದಳು. ಆಮೇಲೆ ಮೆಲ್ಲಗೆ, "ಏನು ಬೇಕು, ಬುದ್ಧಿ?" ಅಂದಳು.

ರಾಜ ತುತ್ತನ್ನು ಕೆನ್ನೆಗೆ ಸರಿಸಿಕೊಂಡ. "ಅವರ ಹೂಂ ನೀನು ಅನ್ನಬೇಕು ತಾಯಿ. ಅರ್ಧ ರಾಜ್ಯ ಕೊಡ್ತೀನಿ."

"ಕಾನೂನಿನ ಪ್ರಕಾರ ಈಗ ನಿಮ್ಮದೇ ಅರ್ಧ, ಸ್ವಾಮಿ," ಎಂದು ಮಂತ್ರಿ ನೆನಪಿಸಿದ. "ಕೊಟ್ಟರೆ ಕಾಲು ಕೊಡಬಹುದು."

"ಕಾಲು ರಾಜ್ಯ ತಗೊಂಡು ನಾನೆಲ್ಲಿ ಒಣಹಾಕಲಿ? ಬೇಡ, ನಾನು ಅನ್ನಲ್ಲ."

"ಯಾಕಮ್ಮಾ?"

ಕೆಂಪಾಜಮ್ಮ ಟವೆಲಿನ ಅಂಚು ಸರಿಮಾಡಿದಳು. "ಅವರು ಇಲ್ಲ ಅಂತ ಊರಿಗೆಲ್ಲ ಗೊತ್ತು. ಇದೊಂದಕ್ಕೆ ಗೊತ್ತಿಲ್ಲ. ಇನ್ನೂ ಅವರಿಗೆ ಅಂತ ಕಾಯ್ತಾ ಕೂತಿದೆ. ನಾನು ಹೂಂ ಅಂದರೆ ಇದಕ್ಕೂ ಗೊತ್ತಾಗಿಬಿಡುತ್ತೆ."

ರಾಜ ತಲೆ ತಗ್ಗಿಸಿದ. ತುತ್ತು ಭಾರವಾಗಿತ್ತು ಎಂದು ಮಂತ್ರಿ ಆಮೇಲೆ ಎಲ್ಲರಿಗೂ ಹೇಳಿದ.

ಆಗ ಟವೆಲಿನ ಕೆಳಗಿನಿಂದ, ರೇಡಿಯೋ ಒಳಗಿನ ಬಾವಿಯಿಂದ, ಚಿಕ್ಕೀರಯ್ಯ ಮಾತಾಡಿದ.

"ಅಮ್ಮಾ, ನಮಗೂ ಗೊತ್ತು."

"ಯಾವಾಗಿಂದ?"

"ಸೋಮವಾರದಿಂದ. ಅವರು ಒಂದು ಕಲ್ಲಿಗಿಂತ ಹೆಚ್ಚು ಯಾವತ್ತೂ ಕಾಯಿಸಿದವರಲ್ಲ. ನೀವೇ ಹೇಳಲಿ ಅಂತ ಸುಮ್ಮನಿದ್ದೆವು."

ರಾಟೆ ಕಿರ್ರ್ ಅಂದಿತು.

"ಕೈ ನೋಯ್ತಿದೆಯೇನಪ್ಪಾ?"

"ಸ್ವಲ್ಪ. ಪರವಾಗಿಲ್ಲ ಅಮ್ಮಾ, ಇನ್ನೂ ಎರಡು ದಿನ ಹಿಡ್ಕೋತೀನಿ."

"ಬೇಡ ಬೇಡ," ಎಂದಳು ಕೆಂಪಾಜಮ್ಮ.

ಒಳಗೆ ಹೋಗಿ ಮೊರ ತಂದಳು. ಈಚೆಯ ಅರ್ಧ ಶುಭ್ರವಾಗಿತ್ತು. ಆಚೆಯ ಅರ್ಧ ಭಾನುವಾರ ಬಿಟ್ಟಂತೆಯೇ ಇತ್ತು. ಟವೆಲು ತೆಗೆದು ಮಡಚಿಟ್ಟಳು. ಮೊರವನ್ನು ತಿರುಗಿಸಿಕೊಂಡು ಕೂತಳು. ಅವರ ಕಡೆಯ ಅಕ್ಕಿಯಲ್ಲಿ ಒಂದು ಕಲ್ಲು ಹುಡುಕಿದಳು. ಹೆಕ್ಕಿದಳು. ಅಂಗಳಕ್ಕೆ ಎಸೆದಳು. ಅದು ರಾಜನ ಕಿರೀಟಕ್ಕೆ ತಾಗಿ ಟಣ್ ಅಂದಿತು.

"ಹೂಂ," ಅಂದಳು.

"...ಹಗ್ಗ ಎಳೆದರು," ಅಂದಿತು ರೇಡಿಯೋ.

ಚಿಕ್ಕೀರಯ್ಯ ಮೇಲೆ ಬಂದ. ಕೈಯಲ್ಲಿ ಎರಡು ಚಪ್ಪಲಿ ಇದ್ದವು, ಎರಡೂ ಬೇರೆಯವರದು. ರಾಜನ ತುತ್ತು ಇಳಿಯಿತು. ಗಡ್ಡಗಳು ಹೋದವು. ಇನ್ನೊಂದೂವರೆ ಗಂಟು ಬಿತ್ತು, ಬೀಗರು ಉಳಿದರ್ಧ ಊಟ ಬಡಿಸಿದರು. ಹಗ್ಗ ಎಳೆದವರು ಯಾರೆಂದು ನಾಟಕ ಹೇಳಲಿಲ್ಲ. ಊರಿನವರೆಲ್ಲ, ಪಕ್ಕದ ಮನೆಯವರು ಇರಬೇಕು ಅಂದುಕೊಂಡರು.

ಮಾರನೆಯ ಸಂಜೆ ಆರೂಕಾಲಿಗೆ ಹೊಸ ನಾಟಕ. ರೇಡಿಯೋ ಎರಡು ಮಾತಾಡಿ ನಿಂತಿತು. ಕೆಂಪಾಜಮ್ಮ ಆಚೆಯ ಅರ್ಧದಿಂದ ಒಂದು ಕಲ್ಲು ಹೆಕ್ಕಿ ಹೂಂ ಅಂದಳು. ಹೀಗೇ ಆದರೆ ಕಲ್ಲು ಮುಗಿದುಹೋದೀತು ಎಂದು ರಾಜನಿಗೆ ಭಯವಾಯಿತು. ಅಂದಿನಿಂದ ಆ ರಾಜ್ಯದಲ್ಲಿ ಅಕ್ಕಿಯನ್ನು ಪೂರ್ತಿ ಸೋಸಿ ಮಾರಕೂಡದು ಎಂದು ಕಾನೂನು.

ಆದ್ದರಿಂದ ಮಕ್ಕಳೇ, ದೊಡ್ಡವರೇ, ಅನ್ನದಲ್ಲಿ ಕಲ್ಲು ಸಿಕ್ಕಿದರೆ ಅಡುಗೆ ಮಾಡಿದವರನ್ನು ಬೈಯಬೇಡಿ. ಅದು ಯಾರೋ ಅನ್ನದೆ ಬಿಟ್ಟ ಹೂಂ. ತಟ್ಟೆಯ ಪಕ್ಕಕ್ಕೆ ತೆಗೆದಿಟ್ಟು, ಅವರ ಪರವಾಗಿ ನೀವೇ ಅಂದುಬಿಡಿ.

ಅವರು ಅಲ್ಲಿ ಅಕ್ಕಿಯೊಳಗೆ, ನಾವು ಇಲ್ಲಿ ಮಾತಿನೊಳಗೆ. ಕತೆ ಮೇಲೆ ಬಂತು, ಹಗ್ಗ ಬಿಡಿ.