ನಿಂಬೆಸಿಪ್ಪೆ ಬಿಡದ ಟೈರು

ತಿಪಟೂರಿನ ಟೈರು ಅಂಗಡಿ ಮುಂದೆ ಪಾಲಾಕ್ಷಪ್ಪನವರ ಕೆಂಪು ಸ್ಪೋರ್ಟ್ಸ್ ಕಾರು ನಿಂತಿತು. ಫೋನಿನಲ್ಲಿ ಟೈರಿನ ಬಗ್ಗೆ ನೂರೆಂಟು ಸಲಹೆ ಓದಿ ಅವರ ತಲೆ ಕೆಟ್ಟುಹೋಗಿತ್ತು.

"ಟೈರು ಬಿರುಕು ಬಿಟ್ಟಿವೆ. ನಾನು ಇನ್ನೂರಕ್ಕೆ ಕಮ್ಮಿ ಸ್ಪೀಡಲ್ಲಿ ಓಡಿಸೋನಲ್ಲ. ಅದಕ್ಕೂ ಹಿಡಿತ ಬಿಡದ ಟೈರು ಕೊಡು. ಇಲ್ಲದಿದ್ರೆ ನಿನ್ನ ಅಂಗಡಿಗೆ ಯಾರೂ ಕಾಲಿಡದ ಹಾಗೆ ಮಾಡ್ತೀನಿ!"

ಅಂಗಡಿಯವನ ಹತ್ತಿರ ಇದ್ದದ್ದು ಮಾಮೂಲಿ ಟೈರು. ಅವನು ಕುಕ್ಕರುಗಾಲಲ್ಲಿ ಕೂತು, ಹಳೇ ಟೈರಿನ ಸಂದಿಯಿಂದ ಒಣಗಿದ ನಿಂಬೆಸಿಪ್ಪೆಯೊಂದನ್ನು ಕೆದಕಿ ತೆಗೆದ.

"ಸ್ವಾಮಿ, ಇದು ಆಯುಧಪೂಜೆ ದಿನ ಚಕ್ರದ ಕೆಳಗಿಟ್ಟಿದ್ದಲ್ವಾ?"

"ಹೌದು, ಹೋದ ವರ್ಷದ್ದು."

"ವರ್ಷವಿಡೀ ಇನ್ನೂರರಲ್ಲಿ ಓಡಿಸಿದ್ರೂ ಸಿಪ್ಪೆ ಬಿಟ್ಟಿಲ್ಲ. ಇಷ್ಟು ಹಿಡಿತ ಇರೋ ಟೈರು ನನ್ನ ಹತ್ರ ಎಲ್ಲಿಂದ ಬರ್ಬೇಕು?"

ಹೊಗಳಿದನೋ ಹಂಗಿಸಿದನೋ ಪಾಲಾಕ್ಷಪ್ಪನವರಿಗೆ ತಿಳಿಯಲಿಲ್ಲ. ಫೋನು ನೋಡಿದರು. ಅದರಲ್ಲೂ ಉತ್ತರ ಇರಲಿಲ್ಲ.

"ಮಾಮೂಲಿದೇ ಹಾಕಪ್ಪ," ಎಂದರು.