ಮೂರನೆಯ ಮಂಚದ ರೋಗಿ

ತುಂಗಭದ್ರೆಯ ದಡದ ಆಶ್ರಮವೊಂದರಲ್ಲಿ ಇಪ್ಪತ್ತು ಮಂಚಗಳ ಆಸ್ಪತ್ರೆಯಿತ್ತು. ಅಲ್ಲಿನ ಹಿರಿಯ ನರ್ಸ್ ಜಸಿಂತಾ ಸಿಸ್ಟರ್. ಅವರ ಕೈಕೆಳಗೆ ಕಲಿಯುತ್ತಿದ್ದವಳು ಮಹಾದೇವಿ.

ನರ್ಸಿಂಗ್ ಲೈಸೆನ್ಸ್ ಪರೀಕ್ಷೆಯಲ್ಲಿ ಮಹಾದೇವಿ ಒಮ್ಮೆ ಫೇಲಾಗಿದ್ದಳು. ಮತ್ತೆ ಬರೆಯಲು ಒಂದು ತಿಂಗಳಿತ್ತು.

ದಿನಾ ಬೆಳಿಗ್ಗೆ ಸಿಸ್ಟರ್ ವಾರ್ಡಿನ ಒಬ್ಬ ರೋಗಿಯ ಸ್ಥಿತಿ ಹೇಳಿ ಪ್ರಶ್ನೆ ಕೇಳುತ್ತಿದ್ದರು.

"ಆಪರೇಷನ್ ಆದ ಹೆಂಗಸು. ಹೊಟ್ಟೆನೋವು ಅಂತಾಳೆ. ಮೊದಲು ಏನು ಮಾಡ್ತೀಯ?"

ಮಹಾದೇವಿ ಒಂದೇ ಉಸಿರಿಗೆ ಹೇಳಿದಳು. "ನಾಡಿ, ಬಿ.ಪಿ. ನೋಡ್ತೀನಿ. ಗಾಯದ ಪಟ್ಟಿ ನೋಡ್ತೀನಿ. ಡಾಕ್ಟರಿಗೆ ತಿಳಿಸ್ತೀನಿ."

"ಅವಳ ಮುಖ ಹೇಗಿತ್ತು?"

"ಪುಸ್ತಕದ ಪ್ರಶ್ನೆಯಲ್ಲಿ ಮುಖ ಎಲ್ಲಿರುತ್ತೆ ಸಿಸ್ಟರ್?"

"ಹಾಗಾದರೆ ವಾರ್ಡಿಗೆ ಹೋಗಿ ನೋಡಿಕೊಂಡು ಬಾ."

ಮಹಾದೇವಿಗೆ ಸಿಟ್ಟು ಬಂತು. ಆದರೂ ಹೋದಳು. ದಿನಾ ಹೋದಳು.

ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಸಿಸ್ಟರ್ ಹೆರಿಗೆ ಕೋಣೆಯಲ್ಲಿದ್ದರು. ಡಾಕ್ಟರು ರೌಂಡ್ಸ್ ಮುಗಿಸಿ, ಹಿಂದಿನ ದಿನದ ರಕ್ತ ಪರೀಕ್ಷೆ ನೋಡಿ, ಮೂರನೆಯ ಮಂಚದ ದುರುಗಪ್ಪನಿಗೆ ಇನ್ಸುಲಿನ್ ಹೆಚ್ಚಿಸಿ ಬರೆದುಹೋದರು. ದುರುಗಪ್ಪ ತೆಪ್ಪ ನಡೆಸುವವನು. ಸಕ್ಕರೆ ಕಾಯಿಲೆ, ಕಾಲಿನಲ್ಲಿ ಮಾಯದ ಗಾಯ.

ಮಹಾದೇವಿ ಸಿರಿಂಜ್ ಹಿಡಿದು ಹೋದಳು. "ಹೆಸರು ಹೇಳಿ ಅಜ್ಜ."

ಸದಾ ತಮಾಷೆ ಮಾಡುವ ಮನುಷ್ಯ ಅಂದು ತಡವರಿಸಿದ. ಹಣೆ ತುಂಬ ಬೆವರು. ಪಕ್ಕದಲ್ಲಿ ಉಪ್ಪಿಟ್ಟು ಮುಟ್ಟದೆ ಹಾಗೇ ಇತ್ತು.

ಅವಳು ಸಿರಿಂಜ್ ಕೆಳಗಿಟ್ಟಳು. ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದಳು. ಎಪ್ಪತ್ತಕ್ಕಿಂತ ಕಡಿಮೆಯಾಗಬಾರದ ಸಕ್ಕರೆ ಐವತ್ತೆರಡಕ್ಕೆ ಇಳಿದಿತ್ತು.

ಗುಟುಕು ನುಂಗಬಲ್ಲನೆಂದು ಖಾತ್ರಿ ಮಾಡಿಕೊಂಡು ಸಕ್ಕರೆ ನೀರು ಕುಡಿಸಿದಳು. ಆಯಾಳನ್ನು ಡಾಕ್ಟರ ಬಳಿಗೆ ಓಡಿಸಿದಳು. ಹದಿನೈದು ನಿಮಿಷ ಅವನ ಕೈ ಬಿಡಲಿಲ್ಲ; ರಾತ್ರಿಯೂ ಉಂಡಿಲ್ಲವೆಂದು ಅವನಿಂದ ತಿಳಿದುಕೊಂಡು, ಮತ್ತೆ ರಕ್ತ ಪರೀಕ್ಷಿಸಿದಳು.

ಡಾಕ್ಟರು ಬಂದವರೇ ಸಿಡುಕಿದರು. "ನಾನು ಬರೆದದ್ದನ್ನು ಕೊಟ್ಟಿಲ್ಲವಂತೆ?"

ಅಷ್ಟರಲ್ಲಿ ಸಿಸ್ಟರ್ ಒಳಗೆ ಬಂದರು. ಡಾಕ್ಟರು ಅವರತ್ತ ತಿರುಗಿದರು. "ಏನಿದು ಸಿಸ್ಟರ್? ನಿಮ್ಮ ಹುಡುಗಿ..."

"ರೋಗಿಯನ್ನು ನೋಡಿದವಳು ಅವಳು. ಅವಳನ್ನೇ ಕೇಳಿ," ಎಂದು ಸಿಸ್ಟರ್ ಗೋಡೆಗೆ ಒರಗಿ ನಿಂತರು.

ಮಹಾದೇವಿ ಔಷಧಿ ಚೀಟಿಯನ್ನು ಡಾಕ್ಟರ ಮುಂದೆ ಹಿಡಿದಳು. "ರಾತ್ರಿಯಿಂದ ಊಟ ಮಾಡಿಲ್ಲ ಸರ್. ಬೆವರುತ್ತಿದ್ದರು, ಮಾತು ತಡವರಿಸುತ್ತಿತ್ತು. ಸಕ್ಕರೆ ಐವತ್ತೆರಡಿತ್ತು. ಈಗ ಎಂಬತ್ತೆಂಟು. ಇನ್ಸುಲಿನ್ ಕೊಟ್ಟಿದ್ದರೆ ಇನ್ನೂ ಇಳಿದು ಪ್ರಜ್ಞೆ ತಪ್ಪುತ್ತಿತ್ತು."

ಡಾಕ್ಟರು ಚೀಟಿ ನೋಡಿದರು. ದುರುಗಪ್ಪನನ್ನು ನೋಡಿದರು. ಪೆನ್ನು ತೆಗೆದು ತಾವು ಬರೆದದ್ದನ್ನು ಹೊಡೆದುಹಾಕಿದರು.

"ಒಳ್ಳೇ ಕೆಲಸ ಮಾಡಿದೆಯಮ್ಮ," ಎಂದರು.

ಸಿಸ್ಟರ್ ಮರುದಿನ ಎಂದಿನಂತೆ ಪ್ರಶ್ನೆ ಕೇಳಿದರು. ಮಹಾದೇವಿ ಉತ್ತರ ಹೇಳುವ ಮೊದಲು ಎದ್ದು ವಾರ್ಡಿಗೆ ಹೊರಟಳು.

ಪರೀಕ್ಷೆ ಮುಗಿಯಿತು. ಫಲಿತಾಂಶ ಬಂದ ದಿನ ಅವಳು ಓಡುತ್ತಾ ಬಂದಳು. ಹೊಸದಾಗಿ ದಾಖಲಾದ ಮುದುಕಿಯೊಬ್ಬಳ ಹಾಸಿಗೆಯನ್ನು ಸಿಸ್ಟರ್ ಸರಿಮಾಡುತ್ತಿದ್ದರು.

"ಸಿಸ್ಟರ್, ಪಾಸಾದೆ!"

ಸಿಸ್ಟರ್ ಹೊದಿಕೆಯ ಅಂಚು ಮಡಿಸಿ ಮುಗಿಸಿದರು. ಆಮೇಲೆ ಮುದುಕಿಯ ಕಡೆ ಬಾಗಿದರು.

"ಅಜ್ಜಿ, ಇವರು ಮಹಾದೇವಿ ಸಿಸ್ಟರ್. ನಾಳೆ ನಾನೇ ಈ ಮಂಚದಲ್ಲಿ ಮಲಗಿದರೂ, ಮೊದಲು ಕರೆಯೋದು ಇವರನ್ನೇ."